ಒಂದು ಚೌಕದ ತಪ್ಪು

ಗುಳೇದಗುಡ್ಡದಲ್ಲಿ ಖಣದ, ಅಂದರೆ ಕುಪ್ಪಸದ ಬಟ್ಟೆಯ, ನಕ್ಷೆ ಬಿಡಿಸುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಹೂವು ತುಂಬಿ, ದೊಡ್ಡ ಹಾಳೆಯ ಮೇಲೆ ಪ್ರಿಂಟ್ ತೆಗೆಯುತ್ತೇನೆ. ಹಾಳೆಯಲ್ಲಿ ಬಣ್ಣ ಇದ್ದ ಪ್ರತಿ ಚೌಕಕ್ಕೂ ರಟ್ಟಿನ ಪಟ್ಟಿಯಲ್ಲಿ ಒಂದು ತೂತು ಹೊಡೆಯಬೇಕು. ಆ ಪಟ್ಟಿ ಮಗ್ಗಕ್ಕೆ ಏರಿದರೆ ಯಾವ ಎಳೆ ಮೇಲೇಳಬೇಕೆಂಬುದನ್ನು ಆ ತೂತುಗಳೇ ಹೇಳುತ್ತವೆ. ಪಟ್ಟಿ ಸುತ್ತಿ ಬಂದಂತೆಲ್ಲ ಅದೇ ಹೂವು ಬಟ್ಟೆಯುದ್ದಕ್ಕೂ ಮೂಡುತ್ತದೆ. ತೂತು ಹೊಡೆಯುತ್ತಿದ್ದವರು ಹಿಂದಿನ ಓಣಿಯ ಮುಸ್ಲಿಂ ಹೆಂಗಸು, ನನ್ನ ತಾಯಿಯ ವಯಸ್ಸಿನವರು. ನಾನು ಅವರನ್ನು ಕಾಕು ಎನ್ನುತ್ತಿದ್ದೆ. ಎಷ್ಟೋ ವರ್ಷ ಅವರ ಕೈಯಲ್ಲಿ ಒಂದು ತೂತೂ ತಪ್ಪಿರಲಿಲ್ಲ.

ಕಳೆದ ವರ್ಷ ಹೊಸ ಖಣವೊಂದರ ಪ್ರತಿ ಹೂವಿನಲ್ಲೂ ಒಂದು ಎಸಳಿನ ಚುಕ್ಕಿ ಇರಲಿಲ್ಲ. ನೇಕಾರ ಬಟ್ಟೆಯನ್ನು ನನ್ನ ಮೇಜಿನ ಮೇಲೆ ಹರವಿ ಆ ಎಸಳು ತೋರಿಸಿದ. ನಕ್ಷೆ ತೆರೆದು ನೋಡಿದೆ. ಪರದೆಯ ಮೇಲೆ ಚುಕ್ಕಿ ಸರಿಯಾಗಿಯೇ ಇತ್ತು. ಇನ್ನೊಂದು ಖಣದಲ್ಲೂ ಹಾಗೆಯೇ ಆದಾಗ ನನ್ನ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ನನಗೆ ದೊಡ್ಡವರು ಸಣ್ಣವರು ಕಾಣುವುದಿಲ್ಲ.

"ಕಾಕು, ನಿಮ್ಮ ಕಣ್ಣು ಹೋಗ್ಯಾವು. ಇನ್ನ ಈ ಕೆಲಸ ಬಿಡ್ರಿ" ಎಂದೆ, ನೇಕಾರನ ಎದುರಿಗೇ.

"ಹಾಳ್ಯಾಗ ಇದ್ದದ್ದನ್ನ ಹೊಡದೇನಿ, ತಂಗಿ..."

"ಹಂಗಾರ ಕಂಪ್ಯೂಟರ್ ಸುಳ್ಳ ಹೇಳತೈತೇನ್ರಿ?"

ಕಾಕು ಮರುದಿನ ನಾನು ಕೊಟ್ಟಿದ್ದ ಹಳೆಯ ಹಾಳೆಗಳ ಸುರುಳಿಯನ್ನು ತಂದಿಟ್ಟು ಹೋದರು. ಅದನ್ನು ಬಿಚ್ಚದೆ ಕಪಾಟಿನ ಮೇಲೆ ಎಸೆದೆ. ತೂತು ಹೊಡೆಯುವ ಕೆಲಸ ನನ್ನ ಕೊರಳಿಗೇ ಬಿತ್ತು. ಬೆರಳಲ್ಲಿ ಬೊಬ್ಬೆ ಎದ್ದರೂ ಬುದ್ಧಿ ಬರಲಿಲ್ಲ.

ಎರಡು ತಿಂಗಳಿಗೆ ಕಂಪ್ಯೂಟರು ಕೆಲಸದ ನಡುವೆ ತಾನಾಗಿಯೇ ಬಂದ್ ಆಗತೊಡಗಿತು. ಬಾದಾಮಿಯ ರಿಪೇರಿಯವನಿಗೆ ಫೋನ್ ಮಾಡಿದೆ.

"ಪೆನ್ ಡ್ರೈವ್‌ನಿಂದ ಮೆಮರಿ ಟೆಸ್ಟ್ ಹಚ್ಚಿ ಬಿಡ್ರಿ ಅಕ್ಕಾರ. ಮುಗಿಯೋತನಕ ಮುಟ್ಟಬ್ಯಾಡ್ರಿ" ಎಂದ.

ಆ ಟೆಸ್ಟಿನಲ್ಲಿ ಗುಟ್ಟೇನಿಲ್ಲ. ಮೆಮರಿಯ ಒಂದೊಂದು ಜಾಗದಲ್ಲೂ ಏನೋ ಬರೆಯುತ್ತದೆ, ಆಮೇಲೆ ಅದನ್ನೇ ಓದಿ ಬರೆದದ್ದೇ ಇದೆಯೇ ಎಂದು ನೋಡುತ್ತದೆ. ಮೊದಲ ಸುತ್ತು ತಪ್ಪಿಲ್ಲದೆ ಮುಗಿಯಿತು. ನನ್ನ ಕಂಪ್ಯೂಟರಿಗೆ ಏನಾಗಿದೆ ಧಾಡಿ ಎಂದುಕೊಂಡು ಊಟಕ್ಕೆ ಕುಳಿತೆ. ರೊಟ್ಟಿ ಮುಗಿಸಿ ಬಂದು ನೋಡಿದರೆ ಎರಡನೆಯ ಸುತ್ತು ನಡೆದಿತ್ತು, ಪರದೆಯ ಕೆಳಗೆ ನಾಲ್ಕು ಕೆಂಪು ಸಾಲುಗಳಿದ್ದವು. ಬರೆದದ್ದು ಒಂದು, ಓದಿದ್ದು ಇನ್ನೊಂದು. ಎರಡಕ್ಕೂ ಒಂದೇ ಒಂದು ಅಂಕಿಯ ವ್ಯತ್ಯಾಸ.

ಒಂದು ಅಂಕಿ ತಪ್ಪಿದರೆ ಒಂದು ಚೌಕವೂ ತಪ್ಪಬಹುದಲ್ಲ ಎಂದು ಹೊಳೆಯಿತು. ಸ್ಟೂಲ್ ಹಾಕಿ ಸುರುಳಿ ಇಳಿಸಿದೆ. ಆ ಖಣದ ಹಾಳೆ ಹರವಿ, ಎಸಳಿನ ಮೇಲೆ ಬೆರಳಿಟ್ಟು ಎಣಿಸಿದೆ. ಚುಕ್ಕಿಯ ಚೌಕ ಖಾಲಿಯಿತ್ತು. ಉಳಿಸಿಟ್ಟ ನಕ್ಷೆ ಸರಿಯಿತ್ತು, ಪ್ರಿಂಟಿಗೆ ಹೋಗುವಾಗ ಆ ಒಂದು ಚುಕ್ಕಿ ಕೆಟ್ಟ ಮೆಮರಿಯಲ್ಲಿ ಕಳೆದುಹೋಗಿತ್ತು. ನಾನು ಪರದೆ ನೋಡಿ ತೀರ್ಪು ಕೊಟ್ಟಿದ್ದೆ, ಹಾಳೆ ನೋಡಿರಲೇ ಇಲ್ಲ.

ಖಾಲಿ ಚೌಕದ ಸುತ್ತ ಪೆನ್ಸಿಲಿನಿಂದ ಬರೆದ ಸಣ್ಣ ವೃತ್ತವಿತ್ತು. ಆಗ ನೆನಪಾಯಿತು. ಒಂದು ಮಧ್ಯಾಹ್ನ ಕಾಕು ಹಾಳೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಫೋನಿನಲ್ಲಿ ಯಾರ ಜೊತೆಗೋ ಜಗಳಾಡುತ್ತಿದ್ದೆ. "ಇದ್ದಂಗ ಹೊಡೀರಿ ಕಾಕು, ತಲಿ ಓಡಸಬ್ಯಾಡ್ರಿ" ಎಂದು ತಿರುಗಿಯೂ ನೋಡದೆ ಹೇಳಿ ಕಳಿಸಿದ್ದೆ.

ಟೆಸ್ಟು ನಡೆಯುತ್ತಿದ್ದಂತೆಯೇ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಸೊಸೆ ಅಕ್ಕಿ ಆರಿಸುತ್ತಿದ್ದಳು, ಕಾಕು ಪಕ್ಕದಲ್ಲಿ ಬರಿಗೈಯಲ್ಲಿ ಕುಳಿತಿದ್ದರು. "ತಪ್ಪು ನಂದ್ರಿ ಕಾಕು. ಕೆಟ್ಟಿದ್ದು ಮಶೀನು, ನಿಮ್ಮ ಕಣ್ಣಲ್ಲ" ಎಂದೆ. ಅವರು ಬೈಯಲಿ ಎಂದು ಕಾದೆ.

"ಬಾಗಲಕೋಟಿ ಡಾಕ್ಟ್ರೂ ಕಣ್ಣು ಚಲೋ ಅದಾವ ಅಂದಿದ್ರು" ಎಂದರು ಮೆಲ್ಲಗೆ. "ನಾ ನಂಬಲಿಲ್ಲ. ನೀ ಕಂಪ್ಯೂಟರ್ ನೋಡಿ ಹೇಳಿದಾಕಿ. ಅಕ್ಕಿ ಆರಸೂದು ಬಿಟ್ನಿ, ಮೊಮ್ಮಗಳ ತಲಿ ಬಾಚೂದು ಬಿಟ್ನಿ, ಒಬ್ಬಾಕಿನ ರಸ್ತಾ ದಾಟೂದೂ ಬಿಟ್ನಿ."

ನಾನು ಅವರ ಕೆಲಸವನ್ನಷ್ಟೇ ಕಸಿದಿದ್ದೇನೆ ಎಂದುಕೊಂಡಿದ್ದೆ. "ನಾಳಿಂದ ಕೆಲಸಕ್ಕ ಬರ್ರಿ" ಎಂದೆ.

ಕಾಕು ಎದ್ದು ಬಾಗಿಲಿಗೆ ಬಂದರು. ರಸ್ತೆಯ ಆಚೆ ಹಿಟ್ಟಿನ ಗಿರಣಿಯ ಬೋರ್ಡಿತ್ತು.

"ಅದನ್ನ ಓದ್ತೇನಿ. ತಪ್ಪಿದ್ರ ಹೇಳು."

ಜೋಳ, ಗೋಧಿ, ಕಡಲೆ, ಖಾರದ ಪುಡಿ ಬೀಸಿಕೊಡಲಾಗುವುದು, ಶುಕ್ರವಾರ ರಜೆ. ಒಂದೊಂದು ಶಬ್ದವಾದ ಮೇಲೂ ನನ್ನ ಮುಖ ನೋಡುತ್ತಿದ್ದರು. "ಸರಿ ಐತ್ರಿ" ಎಂದು ನಾನು ಪ್ರತಿ ಸಲವೂ ಹೇಳಿದೆ. ಮುಗಿದ ಮೇಲೆ ಮತ್ತೆ ಮೊದಲಿಂದ ಓದಿದರು. ಈ ಸಲ ನನ್ನ ಕಡೆ ತಿರುಗಲಿಲ್ಲ.