ತಾಹೇರಾ ತಿರುಗಿ ನೋಡದ ಹೆಸರು

ತಾಹೇರಾ ಮಳವಳ್ಳಿಗೆ ಬಂದಿಳಿದದ್ದು ನಲವತ್ತೆರಡನೇ ಇಸವಿಯಲ್ಲಿ, ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ. ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆಲ್ಲ ಇದ್ದಿಲಿನ ಒಲೆ ಕಟ್ಟಿದ್ದ ಕಾಲ. ಮದ್ದೂರಿನಲ್ಲಿ ರೈಲಿಳಿದು ಬಸ್ಸು ಹತ್ತಿದವಳ ಮುಖಕ್ಕೆಲ್ಲ ಮಸಿ ಮೆತ್ತಿಕೊಂಡಿತ್ತು. ಅತ್ತೆ ಜಾನ್ ಬೀಯನ್ನು ಅವಳು ಅದುವರೆಗೆ ನೋಡಿರಲಿಲ್ಲ. ಗಂಡನ ಹೆಸರು ಹೇಳಿ, ಅವನ ತಾಯಿಯ ಮನೆ ಎಲ್ಲಿ ಎಂದು ಕೇಳಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಜಾನ್ ಬೀ ಅವಳ ಬೆನ್ನ ಹಿಂದೆ ಬೀದಿಯ ಉದ್ದಕ್ಕೂ ಕಣ್ಣು ಹಾಯಿಸಿದಳು. ಯಾರೂ ಇರಲಿಲ್ಲ.

"ನನ್ನ ಖಾಸಿಂ ಎಲ್ಲಿ ಬೇಟಿ?" ಎಂದಳು.

ತಾಹೇರಾ ಹೊಸ್ತಿಲ ಮೇಲೇ ಕುಸಿದು ಕೂತಳು. ಅದೇ ಉತ್ತರವಾಯಿತು.

ಇದನ್ನೆಲ್ಲ ನನಗೆ ಹೇಳಿದವಳು ನಮ್ಮಮ್ಮ ಬೆಳ್ಳಮ್ಮ. ನಮ್ಮ ಮನೆಯ ಹಿತ್ತಲು ಜಾನ್ ಬೀಯ ಮನೆಯ ಹಿತ್ತಲಿಗೆ ತಾಗಿಕೊಂಡಿತ್ತು. ಇಬ್ಬರ ಮನೆಗೂ ಒಂದೇ ಬಾವಿ. ತಾಹೇರಾ ತನ್ನ ಕಥೆಯನ್ನು ಅಮ್ಮನಿಗೆ ಆ ಬಾವಿಕಟ್ಟೆಯ ಮೇಲೆಯೇ, ಕನ್ನಡ ಕಲಿತ ಹಾಗೆಲ್ಲ ಚೂರುಚೂರಾಗಿ ಹೇಳಿದ್ದಳಂತೆ.

ಖಾಸಿಂ ಮೋಟಾರು ರಿಪೇರಿ ಕಲಿತು ರಂಗೂನಿಗೆ ಹೋಗಿದ್ದವನು. ಅಲ್ಲೇ ತಾಹೇರಾಳನ್ನು ನಿಕಾ ಆದ. ಆ ಹೊತ್ತಿಗೆ ತೀರಿಕೊಂಡಿದ್ದ ಅವಳ ತಂದೆ ಮದರಾಸಿನ ಕಡೆಯ ವ್ಯಾಪಾರಿ, ತಾಯಿ ಬರ್ಮಾದವಳು. ಮಗಳಿಗೆ ತಾಯಿಯ ಮುಖವೇ ಬಂದಿತ್ತು. ಅಗಲ ಕೆನ್ನೆ, ಸಣ್ಣ ಕಣ್ಣು, ಮೊಂಡು ಮೂಗು. ಜಪಾನಿನ ವಿಮಾನಗಳು ರಂಗೂನಿನ ಮೇಲೆ ಬಾಂಬು ಸುರಿದ ದಿನ ಅವರ ಬೀದಿಯೇ ಉರಿದುಹೋಯಿತು. ತಾಯಿ ಒಳಗೇ ಸುಟ್ಟು ಸತ್ತಳು. ಗಂಡ ಹೆಂಡತಿ ಸಾವಿರಾರು ಜನರ ಜೊತೆ ಕಾಡು ಬೆಟ್ಟ ಹಾಯ್ದು ನಡೆದು ಬರುವಾಗ ಖಾಸಿಂ ವಾಂತಿಭೇದಿ ಹತ್ತಿ ದಾರಿಯಲ್ಲೇ ಸತ್ತ. ಮಣ್ಣು ಮಾಡಲು ಕೈಹಚ್ಚುವಷ್ಟು ತ್ರಾಣ ಯಾರಲ್ಲೂ ಉಳಿದಿರಲಿಲ್ಲ. ಬಿದಿರು ಮೆಳೆಯ ಬುಡದಲ್ಲಿ ಅವಳೇ ಮಣ್ಣು ಗೋರಿ ಗಂಡನನ್ನು ಮುಚ್ಚಿ ಮುಂದಕ್ಕೆ ನಡೆದಳು.

ಇಂಥವಳಿಗೆ ನಮ್ಮೂರು ಇಟ್ಟ ಹೆಸರು "ಜಪಾನಿ".

ಆಗ ಆ ಪದ ಎಲ್ಲರ ಬಾಯಲ್ಲೂ ಹೊರಳುತ್ತಿತ್ತು. ಅಳುವ ಮಕ್ಕಳನ್ನು ಸುಮ್ಮನಾಗಿಸಲು ಜಪಾನಿ, ಕೊಂಡ ಮೂರೇ ದಿನಕ್ಕೆ ಕಿತ್ತುಹೋದ ಸಾಮಾನಿಗೆ ಜಪಾನಿ, ಜಗಳದಲ್ಲಿ ಬೈಯಲು ಜಪಾನಿ. ಕಣ್ಣೆದುರಿಗೆ ಅಂಥ ಮುಖವೊಂದು ಸಿಕ್ಕಿದ್ದೇ ಜನಕ್ಕೆ ಹಬ್ಬವಾಯಿತು. ಅವಳು ಮಾರಿಕಟ್ಟೆಯ ಕಡೆ ಸೊಪ್ಪು ತರಲು ಹೋದರೆ ಗಂಡಸರು ಎರಡು ಬೆರಳಿಂದ ಕಣ್ಣಿನ ತುದಿ ಎಳೆದು ತೋರಿಸುತ್ತಿದ್ದರು. ಯಾರೋ ಪೊಲೀಸಿಗೆ ದೂರನ್ನೂ ಕೊಟ್ಟರು. ಒಬ್ಬ ದಫೇದಾರ ಬಂದು ಜಗುಲಿಯ ಮೇಲೆ ಕೂತು, ವೀಳ್ಯದೆಲೆ ಜಗಿಯುತ್ತಾ, "ಎಲ್ಲಿ, ಜಪಾನಿ ಭಾಷೇಲಿ ಎರಡು ಮಾತಾಡಮ್ಮ, ಕೇಳೋಣ" ಎಂದ.

ಜಾನ್ ಬೀ ಒಳಗಿಂದ ಬಂದಳು. "ನನ್ನ ಮಗನ್ನ ತಿಂದೋರ ಹೆಸ್ರನ್ನೇ ನನ್ನ ಸೊಸೆಗೆ ಕಟ್ತೀರೇನಪ್ಪಾ? ನಿಮ್ಗೂ ಒಬ್ಳು ತಾಯಿ ಅವ್ಳೆ ಅಲ್ವಾ?"

ಅವನು ಅಂಗಳಕ್ಕೆ ಎಲೆಯ ರಸ ಉಗಿದು ಎದ್ದುಹೋದ. ಆ ಕೆಂಪು ಕಲೆಯನ್ನು ತಾಹೇರಾ ಬೂದಿ ಹಾಕಿ ಉಜ್ಜಿ ತೊಳೆದಳು. 

ಜಾನ್ ಬೀಯ ಗಂಡ ಬದುಕಿದ್ದಾಗ ದರ್ಜಿಯಾಗಿದ್ದ. ಅವನ ಕೈಮಿಷನ್ನು ಮೂಲೆಯಲ್ಲಿತ್ತು. ತಾಹೇರಾ ಅದಕ್ಕೆ ಎಣ್ಣೆ ಬಿಟ್ಟು ಹೊಲಿಗೆಗೆ ಕೂತಳು. ರಂಗೂನಿನಲ್ಲಿ ತಾಯಿಯಿಂದ ಕಲಿತದ್ದು. ಅವಳು ಹೊಲಿದ ರವಿಕೆ ತೋಳಿನಲ್ಲಿ ಹಿಡಿಯುತ್ತಿರಲಿಲ್ಲ, ಕುತ್ತಿಗೆ ದುಂಡಗೆ ಕೂರುತ್ತಿತ್ತು. ಪೇಟೆಯ ಜವಳಿ ಅಂಗಡಿಯ ಶಿವಣ್ಣ ಅವಳಿಂದ ರವಿಕೆ ಹೊಲಿಸಿ ಮಾರಲು ಶುರುಮಾಡಿದ. ಊರಿನ ಹೆಂಗಸರೂ ಸುತ್ತಲ ಹಳ್ಳಿಯವರೂ ಬಟ್ಟೆ ಹಿಡಿದು ಬಾಗಿಲಿಗೆ ಬಂದರು. ಬಂದವರೆಲ್ಲ ಕೂಗುತ್ತಿದ್ದದ್ದು ಒಂದೇ: "ಜಪಾನಿ ಅವ್ಳೇನಮ್ಮಾ ಒಳಗೆ?"

"ನಾನು ಜಪಾನಿ ಅಲ್ಲ. ತಾಹೇರಾ" ಎನ್ನುತ್ತಿದ್ದಳು ಅವಳು, ಪ್ರತಿಸಲವೂ.

"ಆಯ್ತು ಬುಡಮ್ಮ, ಕೈ ಬೇಗ ಆಡಿಸು" ಎನ್ನುತ್ತಿದ್ದರು.

ನಲವತ್ತೈದರಲ್ಲಿ ಯುದ್ಧ ಮುಗಿಯಿತು. ಗೆದ್ದ ಸಂತೋಷಕ್ಕೆ ಊರಲ್ಲಿ ಮೆರವಣಿಗೆ ಮಾಡಿದರು. ಯಾವ ಯುದ್ಧವನ್ನು ಮಳವಳ್ಳಿ ಗೆದ್ದಿತ್ತೋ ದೇವರೇ ಬಲ್ಲ. ಹುಲ್ಲಿನ ಗೊಂಬೆಯೊಂದನ್ನು ಗಾಡಿಯ ಮೇಲೆ ನಿಲ್ಲಿಸಿ, ಕೆರೆಯ ಬಳಿ ಸುಡುವುದಕ್ಕೆ ಎಳೆದುಕೊಂಡು ಹೊರಟಿದ್ದರು. ಜಪಾನಿ ಗೊಂಬೆ. ಅದು ಸಿಪಾಯಿಯ ಗೊಂಬೆಯೂ ಆಗಿರಲಿಲ್ಲ. ಅದಕ್ಕೆ ರವಿಕೆ ತೊಡಿಸಿದ್ದರು. ತಾಹೇರಾಳ ಹಾಗೆ ನೆತ್ತಿಯ ಮೇಲೆ ಸೆಣಬಿನ ತುರುಬು ಕಟ್ಟಿ, ಕೆನ್ನೆಗೆ ಸುಣ್ಣ ಬಳಿದಿದ್ದರು. ಬಿಸಿಲಿಗೆ ಅವಳು ಗಂಧ ತೇಯ್ದು ಕೆನ್ನೆಗೆ ಹಚ್ಚಿಕೊಳ್ಳುತ್ತಿದ್ದದ್ದನ್ನು ಊರು ನೋಡಿತ್ತು. ಎದೆಯ ಜಾಗದಲ್ಲಿ ಎರಡು ತೆಂಗಿನ ಚಿಪ್ಪು. ಗಾಡಿ ಬೇಕೆಂದೇ ಜಾನ್ ಬೀಯ ಮನೆ ಮುಂದೆ ನಿಂತಿತು.

"ಬಂದು ನೋಡಮ್ಮ, ನಿನ್ ತರಾನೇ ಐತೆ!" ಎಂದು ಒಬ್ಬ ಕೂಗಿದ. ಇನ್ನೊಬ್ಬ ಗೊಂಬೆಯ ಚಿಪ್ಪನ್ನು ಹಿಂಡುವ ಹಾಗೆ ಮಾಡಿ ತೋರಿಸಿದ. ಬೀದಿ ಬೀದಿಯೇ ನಕ್ಕಿತು. ಮನೆಯಲ್ಲಿ ಹೆಣ್ಣುಮಕ್ಕಳಿದ್ದವರು, ಅವಳು ಹೊಲಿದ ರವಿಕೆ ತೊಟ್ಟ ಹೆಂಡಿರಿದ್ದವರು, ಎಲ್ಲರೂ ನಕ್ಕರು. ಬರೆಯುವಾಗಲೂ ನನಗೆ ಅಸಹ್ಯದಿಂದ ಮೈ ಮುದುರುತ್ತದೆ.

ತಾಹೇರಾ ಹೊರಗೆ ಬಂದಳು. ಗಾಡಿಯ ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಗೊಂಬೆಯ ಮೈಮೇಲಿನ ರವಿಕೆ ಬಿಚ್ಚಿಕೊಂಡಳು. ಅದು ಅವಳೇ ಹೊಲಿದದ್ದು. ಕೆಳಗಿಳಿದು ನಕ್ಕವರ ಮುಖಗಳನ್ನು ಒಂದೊಂದಾಗಿ ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ರವಿಕೆಯನ್ನು ಒಲೆಗೆ ಹಾಕಿದಳು.

ಅವತ್ತು ಸಂಜೆ ಬಾವಿಕಟ್ಟೆಯ ಹತ್ತಿರ ನಮ್ಮಮ್ಮ ಸಮಾಧಾನ ಮಾಡಲು ಹೋದಳು. "ನೀನು ಜಪಾನಿ ಅಲ್ಲ ಅಂತ ಒಬ್ಬೊಬ್ರ ಮನೆಗೂ ಓಗಿ ಯೋಳಿ ಬತ್ತೀನಿ, ಅಳ್ಬೇಡ ಕಣವ್ವ."

ತಾಹೇರಾ ಅಳುತ್ತಿರಲಿಲ್ಲ. "ಹೇಳಬೇಡಿ ಬೆಳ್ಳಕ್ಕ" ಎಂದಳು. "ಇಷ್ಟು ದಿನ ನಾನೂ ಅದನ್ನೇ ಹೇಳ್ದೆ. ಜಪಾನಿನ ಸಿಪಾಯಿಗಳನ್ನ ಸಾಯೋವರೆಗೂ ನಾನು ಕ್ಷಮಿಸೋದಿಲ್ಲ. ಆದ್ರೆ ಗಾಡಿ ಮೇಲೆ ಇದ್ದದ್ದು ಹೆಂಗಸು. ನಾನು ನಿಜವಾಗ್ಲೂ ಜಪಾನಿನವಳೇ ಆಗಿದ್ರೆ ಊರವ್ರು ಮಾಡಿದ್ದು ಸರಿಯಾಗ್ತಿತ್ತಾ?"

ಅಮ್ಮ ಕೊಡ ಬಾವಿಗೆ ಬಿಟ್ಟಳು.

ಅಂದಿನಿಂದ ತಾಹೇರಾ "ನಾನು ಜಪಾನಿ ಅಲ್ಲ" ಎನ್ನುವುದನ್ನು ಬಿಟ್ಟಳು. ಆ ಹೆಸರು ಕೂಗಿದರೆ ತಿರುಗಿ ನೋಡುವುದನ್ನೂ ಬಿಟ್ಟಳು. ಬಾಗಿಲಲ್ಲಿ ನಿಂತು ಎಷ್ಟು ಕೂಗಿದರೂ ಮಿಷನ್ನಿನ ಕೈ ತಿರುಗುತ್ತಲೇ ಇರುತ್ತಿತ್ತು. ಕಿರುಗಾವಲಿನ ಕಡೆಯ ದೊಡ್ಡ ಹಿಡುವಳಿದಾರ ಹೊನ್ನಯ್ಯ ಮಗಳ ಮದುವೆಯ ಬಟ್ಟೆಯ ಗಂಟು ತಂದು ಹಾಗೆಯೇ ಬಾಗಿಲಲ್ಲಿ ಕಾದ. ಕೊನೆಗೆ ಜಾನ್ ಬೀ ಕಾರಣ ಹೇಳಿದಾಗ ಅವನಿಗೆ ನಗು ಬಂತು.

"ಯುದ್ದ ಮುಗ್ದೋಯ್ತಲ್ಲ! ಆಗೇನೋ ಬೈಗುಳ ಆಗಿತ್ತು ಅಂತ ಇಟ್ಕೊ. ಈಗ ಬರೀ ಪ್ರೀತಿ ಹೆಸ್ರು ಕಣಮ್ಮ."

ತಾಹೇರಾ ಮಿಷನ್ನು ನಿಲ್ಲಿಸಿದಳು. "ಗೌಡ್ರೇ, ನಿಮಗೆ ಯುದ್ಧ ಮುಗಿದಿದೆ. ನನ್ನ ತಾಯಿಗೆ, ಗಂಡನಿಗೆ ಮುಗಿಯಲಿಲ್ಲ. ಪ್ರೀತಿ ಇದ್ರೆ ನನ್ನ ಹೆಸರಿಗೇ ಇರಲಿ."

ಹೊನ್ನಯ್ಯ ಬಟ್ಟೆಯ ಗಂಟನ್ನು ಕಂಕುಳಿಗೆ ಸೇರಿಸಿ, "ಕೊಬ್ಬು ನೋಡು ಇವಳ್ಗೆ" ಎಂದು ಇಳಿದುಹೋದ. ಅವನ ಹಿಂದೆ ಇನ್ನಷ್ಟು ಜನ ಬರುವುದನ್ನು ನಿಲ್ಲಿಸಿದರು. ಮಲ್ಲಿಗಮ್ಮ, ಚಿಕ್ಕಬೋರಮ್ಮ ಇಂಥ ನಾಲ್ಕಾರು ಜನ ಮಾತ್ರ ಬಾಯಿ ತೊದಲಿದರೂ "ತಾಯೇರಮ್ಮ" ಎನ್ನಲು ಕಲಿತರು.

ಆಮೇಲೆ ಶಿವಣ್ಣನ ಕೆಲಸ. ಅವನು ಅಂಗಡಿಯ ಮುಂದೆ ತಗಡಿನ ಹಲಗೆ ತೂಗುಹಾಕಿದ: "ಜಪಾನಿ ರವಿಕೆ ಇಲ್ಲಿ ದೊರೆಯುತ್ತದೆ." ಅಕ್ಷರದ ಪಕ್ಕದಲ್ಲಿ ತುರುಬು ಕಟ್ಟಿದ ಒಂದು ಹೆಣ್ಣಿನ ಮುಖ, ಕಣ್ಣಿನ ಜಾಗದಲ್ಲಿ ಎರಡು ಗೀರು. ತಾಹೇರಾ ಬುರ್ಖಾ ಹಾಕಿಕೊಂಡು ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ, ತೆಗೆಸಿ ಎಂದಳು.

"ಇದ್ರಿಂದ ನಿನ್ಗೇ ಒಳ್ಳೇದು ಕಣಮ್ಮ" ಎಂದ ಶಿವಣ್ಣ. "ಜನ ಈ ಹೆಸ್ರು ಕೇಳ್ಕೊಂಡೇ ಬತ್ತಾರೆ."

"ಹಾಗಾದ್ರೆ ಆ ಹೆಸರಿನವಳ ಕೈಲೇ ಹೊಲಿಸ್ಕೊಳ್ಳಿ" ಎಂದಳು ತಾಹೇರಾ.

ಅವನು ಹಾಗೇ ಮಾಡಿದ. ಬೇರೊಬ್ಬ ದರ್ಜಿಯನ್ನು ಕೂರಿಸಿ, ಅವಳ ರವಿಕೆಯೊಂದನ್ನು ಬಿಚ್ಚಿ ಅಳತೆ ತೆಗೆಸಿ, ಅದೇ ಕತ್ತು ಅದೇ ತೋಳು ಹೊಲಿಸಿದ. ಹಲಗೆ ಅಲ್ಲೇ ತೂಗಾಡಿತು. ಅವಳ ಕೈಚಳಕ ಅವನದಾಯಿತು, ಬೈಗುಳ ಮಾತ್ರ ಅವಳದಾಗಿಯೇ ಉಳಿಯಿತು.

ನಲವತ್ತಾರರಲ್ಲಿ ಅತ್ತೆ ಸೊಸೆ ಮಿಷನ್ನನ್ನು ಬಸ್ಸಿನ ಮೇಲೆ ಹಾಕಿಕೊಂಡು ಮಂಡ್ಯಕ್ಕೆ ಹೊರಟರು. ಸಕ್ಕರೆ ಕಾರ್ಖಾನೆಯ ಕೆಲಸಗಾರರ ಮನೆಗಳಿದ್ದ ಕಡೆ ಒಂದು ಕೋಣೆ ಹಿಡಿದರು. ಎಲ್ಲೆಲ್ಲಿಂದಲೋ ಬಂದ ಜನ ಅಲ್ಲಿದ್ದರು. ಬಂದವರಿಗೆಲ್ಲ ತಾಹೇರಾ ಮೊದಲು ತನ್ನ ಹೆಸರು ಹೇಳುತ್ತಿದ್ದಳು, ಆಮೇಲೆ ಅಳತೆ. ವರ್ಷ ಕಳೆಯುವುದರೊಳಗೆ ಅಕ್ಕಪಕ್ಕದವರೆಲ್ಲ ಅವಳನ್ನು ಹೆಸರು ಹಿಡಿದೇ ಕರೆಯತೊಡಗಿದರು.

ನಲವತ್ತೇಳರ ಕೊನೆಗೆ ಅಮ್ಮ ಮಂಡ್ಯಕ್ಕೆ ಹೋದಾಗ ಅವರನ್ನು ನೋಡಿಕೊಂಡು ಬಂದಳು. ಜಾನ್ ಬೀಯ ಕಣ್ಣು ಮಂದವಾಗಿತ್ತು. ತಾಹೇರಾ ಟೀ ಕೊಟ್ಟಳು. ಅಮ್ಮ ಅಲ್ಲಿರುವಾಗಲೇ ಹೆಂಗಸೊಬ್ಬಳು ಬಟ್ಟೆ ತಂದಳು. ಹೊರಡುವಾಗ ನಗುತ್ತಲೇ, "ನೀವೆಲ್ಲ ಪಾಕಿಸ್ತಾನಕ್ಕೆ ಯಾವಾಗಮ್ಮಾ ಓಗೋದು? ಅಷ್ಟರೊಳ್ಗೆ ನನ್ ರವಿಕೆ ಕೊಟ್ಬುಡು" ಎಂದಳು.

ಅಮ್ಮ ಟೀ ಲೋಟವನ್ನು ನೆಲಕ್ಕೆ ಕುಕ್ಕಿದಳು. "ಏನಮ್ಮೀ ಅದು ನೀನಾಡೋ ಮಾತು?" ಎಂದು ಎದ್ದೇಬಿಟ್ಟಳು. ಆ ಹೆಂಗಸು, "ಅಯ್ಯೋ, ತಮಾಸೆಗಂದೆ ಕಣಕ್ಕ, ಅದ್ಕ್ಯಾಕೆ ಇಷ್ಟು ಸಿಟ್ಟು?" ಎಂದಳು.

ತಾಹೇರಾ ಬಾಯಲ್ಲಿ ಕೊಳೆತದ್ದೇನೋ ಸಿಕ್ಕಿದವಳ ಹಾಗೆ ಮುಖ ಸಿಂಡರಿಸಿ, ಕತ್ತರಿ ಕೆಳಗಿಟ್ಟು, ಆ ಹೆಂಗಸು ಬಾಗಿಲು ದಾಟುವವರೆಗೂ ಅವಳನ್ನೇ ನೋಡಿದಳು. ಆಮೇಲೆ ಒಲೆಯ ಬಳಿ ಹೋಗಿ ಅಮ್ಮನಿಗೆ ಇನ್ನೊಂದು ಲೋಟ ಟೀ ಬಗ್ಗಿಸಿಕೊಂಡು ಬಂದಳು.