ಆ ನಾಲ್ಕು ಸಾಲುಗಳ ಮುಂದಿನ ಹೆಸರು

ಬೇರೆಯವರ ಕೋಡ್ ಓದಿ ತಪ್ಪು ಹುಡುಕುವ ಕೆಲಸ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಅತ್ತೆಯ ಸಾರಿನಲ್ಲೂ ಹುಳುಕು ತೆಗೆಯುತ್ತೇನೆಂದು ಗಂಡ ಛೇಡಿಸುತ್ತಿದ್ದರು. ಹೈದರಾಬಾದಿನಲ್ಲಿ ದಿನಕ್ಕೊಂದು ಐಟಿ ಕಂಪನಿ ಬಾಗಿಲು ತೆರೆಯುತ್ತಿದ್ದ ಕಾಲ ಅದು. ಬಾಲಾನಗರದ ಸಣ್ಣ ಕಂಪನಿಯೊಂದರಲ್ಲಿ ನಾನು ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಕೋಡ್ ಪರಿಶೀಲಿಸುತ್ತಿದ್ದೆ. ಡ್ರೈವರ್ ಎಂದರೆ ಕಾರ್ಡಿಗೂ ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಕರ್ನಲ್ ಎಂಬ ಮೂಲ ಪ್ರೋಗ್ರಾಮಿಗೂ ನಡುವೆ ಮಾತುಕತೆ ನಡೆಸುವ ಪ್ರೋಗ್ರಾಂ. ನೆಟ್‌ವರ್ಕಿನಲ್ಲಿ ಮಾಹಿತಿ ಪ್ಯಾಕೆಟ್ ಎಂಬ ತುಣುಕುಗಳಾಗಿ ಬರುತ್ತದೆ; ಪ್ರತಿ ಪ್ಯಾಕೆಟ್ಟಿಗೂ ಅದು ಬಂದ ಸಮಯವನ್ನು ಕಾರ್ಡೇ ಮುದ್ರೆಯ ಹಾಗೆ ಒತ್ತಿ ಕೊಡುವುದು ನಮ್ಮ ಕಾರ್ಡಿನ ಹೆಚ್ಚುಗಾರಿಕೆ.

ತಂಡದಲ್ಲಿ ಕನ್ನಡದವರು ಇಬ್ಬರೇ. ಮೈಸೂರಿನ ನಾನು, ಮತ್ತೆ ಬೀದರ್ ಕಡೆಯ ಒಬ್ಬಳು. ಅವಳು ಹುಟ್ಟಿ ಬೆಳೆದದ್ದು ಮಾತ್ರ ಹೈದರಾಬಾದಿನದೇ ಸನತ್‌ನಗರದಲ್ಲಿ, ಅಪ್ಪ ಅಲ್ಲೇ ಲೇತ್ ಮೆಷಿನ್ ನಡೆಸುತ್ತಿದ್ದರು. ಆಫೀಸಿನಲ್ಲೆಲ್ಲ ತೆಲುಗು ಮಾತಾಡುವವಳು ನನ್ನ ಹತ್ತಿರ ಮಾತ್ರ ಮನೆಯ ಕನ್ನಡ ತೆಗೆಯುತ್ತಿದ್ದಳು. ಆರು ತಿಂಗಳಾದ ಮೇಲೆ ಅವಳ ಕೆಲಸ ಖಾಯಂ ಆಗಬೇಕಿತ್ತು. ಅದಕ್ಕೆ ಪರಿಶೀಲಿಸುವವಳಾದ ನನ್ನ ಒಂದು ಮಾತು ಬೇಕಿತ್ತು.

ಹಳೆಯ ಡ್ರೈವರಿನಿಂದ ಬೇಕಾದ ಸಾಲುಗಳನ್ನು ಎತ್ತಿಕೊಂಡು ಹೊಸ ಕಾರ್ಡಿಗೆ ಹೊಸ ಫೈಲ್ ಮಾಡುವುದು ಅವಳ ಮೊದಲ ದೊಡ್ಡ ಕೆಲಸ. ಆರು ಸಲ ವಾಪಸ್ ಕಳಿಸಿದೆ. ಇಲ್ಲಿ ಸ್ಪೇಸ್ ಜಾಸ್ತಿ, ಅಲ್ಲಿ ಟ್ಯಾಬ್ ಕಡಿಮೆ.

"ಅಕ್ಕಾ, ಮಷಿನ್ನಿಗೆ ಈ ಸ್ಪೇಸ್ ಕಾಣಸ್ತೈತೇನ್ರಿ?" ಎಂದಳು ಒಂದು ದಿನ.

"ನನಗೆ ಕಾಣುತ್ತೆ, ಸಾಕು" ಎಂದೆ.

ಏಳನೇ ಸಲ ಒಪ್ಪಿ, ಪರಿಶೀಲಿಸಿದವರು ಎಂದು ಕೆಳಗೆ ನನ್ನ ಹೆಸರು ಹಾಕಿದೆ.

ಅವಳ ಆರನೇ ತಿಂಗಳಿನಲ್ಲಿ ಗ್ರಾಹಕರಿಂದ ದೂರು ಬಂತು. ಅಪರೂಪಕ್ಕೊಮ್ಮೆ ಒಂದು ಪ್ಯಾಕೆಟ್ಟಿನ ಸಮಯ ಸರಿಯಾಗಿ ಒಂದು ಸೆಕೆಂಡ್ ಮುಂದಿರುತ್ತಿತ್ತು. ಮೀಟಿಂಗಿನಲ್ಲಿ ಮ್ಯಾನೇಜರ್ ನಾಲ್ಕು ಸಾಲು ಕೋಡನ್ನು ಪರದೆಯ ಮೇಲೆ ತೋರಿಸಿದರು. ಕಾರ್ಡು ಪ್ಯಾಕೆಟ್ಟಿನ ಮೇಲೆ ಸೆಕೆಂಡಿನ ಒಳಗಿನ ಭಾಗವನ್ನಷ್ಟೇ ಬರೆಯುತ್ತದೆ. ಎಷ್ಟನೇ ಸೆಕೆಂಡು ಎನ್ನುವುದನ್ನು ಡ್ರೈವರು ಆಮೇಲೆ ಗಡಿಯಾರ ನೋಡಿ ಸೇರಿಸುತ್ತದೆ. ಹತ್ತು ಐವತ್ತೊಂಬತ್ತಕ್ಕೆ ಬಂದ ಪತ್ರದ ಮೇಲೆ ಗುಮಾಸ್ತ ಬರೀ ಐವತ್ತೊಂಬತ್ತು ಎಂದು ಬರೆದಿಟ್ಟ ಎನ್ನಿ. ಎರಡು ನಿಮಿಷ ಬಿಟ್ಟು ಗೋಡೆಯ ಗಡಿಯಾರ ನೋಡಿದವರು ಅದರ ಮುಂದೆ ಹನ್ನೊಂದು ಎಂದು ಸೇರಿಸಿದರೆ ಒಂದು ಗಂಟೆ ತಪ್ಪು. ನಮ್ಮದೂ ಅದೇ ತಪ್ಪು, ಗಂಟೆಯ ಬದಲು ಸೆಕೆಂಡು.

ಪ್ರತಿ ಸಾಲನ್ನೂ ಕೊನೆಯದಾಗಿ ಮುಟ್ಟಿದವರ ಹೆಸರನ್ನು ಕಂಪ್ಯೂಟರ್ ಪಕ್ಕದಲ್ಲೇ ತೋರಿಸುತ್ತದೆ. ಆ ನಾಲ್ಕೂ ಸಾಲುಗಳ ಮುಂದೆ ಅವಳ ಹೆಸರಿತ್ತು. ಅವಳನ್ನು ಖಾಯಂ ಮಾಡುವ ವಿಷಯ ಇನ್ನೊಮ್ಮೆ ಯೋಚಿಸಬೇಕು ಎಂದರು ಮ್ಯಾನೇಜರ್.

ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತ್ತು. ಅವು ನಾಲ್ಕು ವರ್ಷದ ಹಿಂದೆ ಹಳೆಯ ಡ್ರೈವರಿಗೆ ನಾನೇ ಬರೆದ ಸಾಲುಗಳು. ಅವಳ ಒಂದೊಂದು ಸ್ಪೇಸನ್ನೂ ಬಿಡದ ನಾನು, ನನ್ನದೇ ಸಾಲು ಎಂದು ಅವನ್ನು ಓದದೆ ದಾಟಿದ್ದೆ. ಈಗ ಹೇಳಿಬಿಡುತ್ತೇನೆ, ಅವಳ ಹೆಸರು ಕಂಡಾಗ ನನಗೆ ಮೊದಲು ಆದದ್ದು ಸಮಾಧಾನ. ಬಾಯಿ ಬಿಡಲಿಲ್ಲ. ಅವಳೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅವಳ ತಿದ್ದುಪಡಿ ನನ್ನ ಪರಿಶೀಲನೆಗೆ ಬಂತು. ಪ್ಯಾಕೆಟ್ಟಿನ ಮೇಲೆ ಬರೆದ ಸೆಕೆಂಡಿನ ಭಾಗ ಗಡಿಯಾರದ್ದಕ್ಕಿಂತ ಹೆಚ್ಚಿದ್ದರೆ ಒಂದು ಸೆಕೆಂಡ್ ಕಳೆ ಎನ್ನುವ ಎರಡೇ ಸಾಲು, ಅಚ್ಚುಕಟ್ಟಾಗಿತ್ತು. ಈ ತಪ್ಪು ಯಾವ ಹಳೆಯ ಬದಲಾವಣೆಯಿಂದ ಹುಟ್ಟಿತು ಎಂದು ಅದರ ನಂಬರನ್ನು ತಿದ್ದುಪಡಿಯ ಕೆಳಗೆ ನಮೂದಿಸುವುದು ಈ ಕೆಲಸದ ಪದ್ಧತಿ. ಅವಳು ತನ್ನದೇ ಬದಲಾವಣೆಯ ನಂಬರ್ ಬರೆದಿದ್ದಳು.

ಟೀ ಕುಡಿಯೋಣ ಬಾ ಎಂದು ಕರೆದೆ.

"ಆ ಸಾಲು ಯಾರು ಬರೆದಿದ್ದು ಅಂತ ಗೊತ್ತಾ ನಿನಗೆ?"

"ಗೊತ್ತೈತ್ರಿ ಅಕ್ಕಾ. ನೀವು ಬರ್ದಿದ್ದು. ನಾ ಬರೀ ಎತ್ತಿ ಇಟ್ಟೀನಿ."

"ಮತ್ತೆ ಮೀಟಿಂಗಲ್ಲಿ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂತ ಕಾಯ್ದೆ."

ಸಿಟ್ಟಿನಿಂದ ಹೇಳಲಿಲ್ಲ, ಬಸ್ಸಿಗೆ ಕಾಯ್ದೆ ಎಂದ ಹಾಗೆ ಹೇಳಿದಳು. ಅರ್ಧ ಟೀ ಅಲ್ಲೇ ಬಿಟ್ಟು ಎದ್ದೆ.

ಸೀಟಿಗೆ ಬಂದು ತಿದ್ದುಪಡಿಯನ್ನು ವಾಪಸ್ ಕಳಿಸಿದೆ, ಮ್ಯಾನೇಜರೂ ಸೇರಿ ಇಡೀ ತಂಡಕ್ಕೆ ಕಾಣುವ ಹಾಗೆ. "ಕೆಳಗಿನ ನಂಬರ್ ತಪ್ಪು. ಇದು ನಾಲ್ಕು ವರ್ಷದ ಹಿಂದಿನ ನನ್ನ ತಪ್ಪು, ಪರಿಶೀಲಿಸಿದವಳೂ ನಾನೇ. ನಿನ್ನೆ ಗೊತ್ತಿದ್ದೂ ಸುಮ್ಮನಿದ್ದೆ. ಸರಿಯಾದ ಸಾಲು ಹೀಗಿರಲಿ" ಎಂದು ನನ್ನ ಹಳೆಯ ಬದಲಾವಣೆಯ ನಂಬರ್ ಬರೆದೆ. ಮ್ಯಾನೇಜರ್ ಕರೆಸಿ ಚೆನ್ನಾಗಿಯೇ ಬೈದರು. ಅವಳನ್ನು ಖಾಯಂ ಮಾಡುವ ಪತ್ರ ಈ ವಾರವೇ ಹೋಗಲಿ ಎಂದೂ ಹೇಳಿದರು.

ಹೊರಗೆ ಬಂದರೆ ಅವಳು ನನ್ನ ಸೀಟಿನ ಹತ್ತಿರ ನಿಂತಿದ್ದಳು.

"ಅಕ್ಕಾ, ನೀವು ಕೊಟ್ಟ ಸಾಲಿನ್ಯಾಗ ನಂಬರಿನ ಹಿಂದ ಎರಡು ಸ್ಪೇಸ್ ಬಿದ್ದಾವ್ ನೋಡ್ರಿ. ಒಂದು ತಗೀಲೇನು?"

ಬಗ್ಗಿ ನೋಡಿದೆ. ಹೌದು, ಎರಡಿದ್ದವು.

"ತೆಗಿ" ಎಂದೆ.