ಇಬ್ರಾದಲ್ಲಿ ಕೊಂಡ ಟ್ರೇಲರ್

ಒಮಾನಿನ ಸೂರ್ ಪಟ್ಟಣದಲ್ಲಿದ್ದ ಮೊದಲ ವರ್ಷಗಳಲ್ಲಿ ನಮ್ಮ ಹತ್ತಿರ ಮೋಟಾರ್‌ಸೈಕಲ್ ಇತ್ತು, ಕಾರು ಇರಲಿಲ್ಲ. ಕಾರು ಕೊಳ್ಳಲಾರದೆ ಅಲ್ಲ. ಅದನ್ನು ಓಡಿಸುವ ಲೈಸೆನ್ಸ್ ನನಗೆ ದಕ್ಕಲಿಲ್ಲ. ಒಮಾನಿನ ಟೆಸ್ಟಿನಲ್ಲಿ ಮೊದಲು ಖಾಲಿ ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ನಡೆಸಿ ನಿಲ್ಲಿಸಿ ತೋರಿಸಬೇಕು. ಗ್ಯಾಸ್ ಪ್ಲಾಂಟಿನಲ್ಲಿ ದಿನವಿಡೀ ಸೂಕ್ಷ್ಮ ಉಪಕರಣಗಳನ್ನು ಸರಿಪಡಿಸುವ ನನ್ನ ಕೈಗೆ ಆ ಡ್ರಮ್ಮುಗಳ ಮುಂದೆ ಏನಾಗುತ್ತಿತ್ತೋ, ಪ್ರತಿ ಸಲವೂ ಒಂದಾದರೂ ಉರುಳುತ್ತಿತ್ತು. ಪೊಲೀಸ್ ಅಧಿಕಾರಿ ಸೌಜನ್ಯದಿಂದಲೇ "ಖಲಾಸ್, ಮುಂದಿನ ತಿಂಗಳು ಬಾ" ಎನ್ನುತ್ತಿದ್ದ. ಬೈಕಿನ ಲೈಸೆನ್ಸ್ ಮಾತ್ರ ಮೊದಲ ಸಲಕ್ಕೇ ಸಿಕ್ಕಿತ್ತು.

ಗುರುವಾರ, ಶುಕ್ರವಾರ ನಮಗೆ ರಜೆ. ಸಹೋದ್ಯೋಗಿಗಳೆಲ್ಲ ಕಾರು ತುಂಬ ಸಾಮಾನು ಹೇರಿಕೊಂಡು ಬೆಟ್ಟಗಳ ನಡುವೆ ನೀರು ಹರಿಯುವ ವಾದಿ ಎಂಬ ಕಣಿವೆಗಳಿಗೆ ಹೋಗಿ, ಗುಡಾರ ಹಾಕಿ ಅಡುಗೆ ಮಾಡಿ ಬರುತ್ತಿದ್ದರು. ನಾವೂ ಹೋಗುತ್ತಿದ್ದೆವು. ಹಿಂದೆ ಕೂತ ನನ್ನ ಹೆಂಡತಿಯ ಮಡಿಲಲ್ಲಿ ಸ್ಟೌ, ಹೆಗಲಿಗೆ ರೊಟ್ಟಿಯ ಗಂಟು, ನಮ್ಮಿಬ್ಬರ ನಡುವೆ ನೀರಿನ ಕ್ಯಾನು. "ಹಿಂಗ ಕುಂತು ಕುಂತು ನನ್ನ ಸೊಂಟ ಬಿದ್ದು ಹೋಗತೈತಿ ನೋಡ್ರಿ" ಎಂದು ಒಂದು ದಿನ ಅವಳು ಖಡಾಖಂಡಿತವಾಗಿ ಹೇಳಿದಳು. "ಒಂದೋ ಕಾರು ಕಲೀರಿ, ಇಲ್ಲಾ ಈ ತಿರುಗಾಟ ಬಿಡ್ರಿ."

ಪಕ್ಕದ ಮನೆಯಲ್ಲಿ ಉಡುಪಿ ಕಡೆಯ ಕೊಂಕಣಿ ಕುಟುಂಬವಿತ್ತು. ಆ ಮನೆಯಾಕೆ ತಾನೇ ಕಾರು ಓಡಿಸುತ್ತಿದ್ದರು. ಇಬ್ರಾ ಎಂಬ ಊರಿನಲ್ಲಿ ಬುಧವಾರ ಬೆಳಿಗ್ಗೆ ಹೆಂಗಸರ ಸಂತೆ ಕೂಡುತ್ತದೆ, ಮಾರುವವರೂ ಕೊಳ್ಳುವವರೂ ಹೆಂಗಸರೇ, ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಒಂದು ಬುಧವಾರ ಅವರೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿ ಬಂದರು. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಇಬ್ಬರೂ ಬಾಗಿಲಲ್ಲೇ ನಿಂತಿದ್ದರು.

"ನಿಮ್ಮ ಬೈಕಿಗೆ ಬಾಲ ಸಿಕ್ಕಿತು ಮಾರಾಯ್ರೇ" ಎಂದರು ಪಕ್ಕದ ಮನೆಯವರು.

ಸಂತೆಯಲ್ಲಿ ಬಟ್ಟೆ ಮಾರುವ ಒಬ್ಬ ಒಮಾನಿ ಹೆಂಗಸಿನ ಬಳಿ ಬೈಕಿನ ಹಿಂದೆ ಕಟ್ಟಿ ಎಳೆಯುವ ಸಣ್ಣ ಟ್ರೇಲರ್ ಇದೆಯಂತೆ. ಇಷ್ಟು ವರ್ಷ ಗಂಡನ ಬೈಕಿಗೆ ಅದನ್ನು ಕಟ್ಟಿ ಸರಕು ಸಾಗಿಸುತ್ತಿದ್ದಳಂತೆ. ಈಗ ಪಿಕಪ್ ಬಂದಿದೆ, ಟ್ರೇಲರ್ ಮಾರುತ್ತಾಳಂತೆ. ನನ್ನ ಹೆಂಡತಿ ವಿಳಾಸವನ್ನೂ ಕೇಳಿ ಇಟ್ಟುಕೊಂಡಿದ್ದಳು.

ಮರುದಿನವೇ ಬೈಕ್ ಹತ್ತಿದೆವು. ಖರ್ಜೂರದ ತೋಟಕ್ಕೆ ಅಂಟಿಕೊಂಡ ಮಣ್ಣುಬಣ್ಣದ ಮನೆ. ಸೈನ್ಯದ ವರ್ಕ್‌ಶಾಪಿನಿಂದ ನಿವೃತ್ತನಾದ ಗಂಡ ಮಿತಭಾಷಿ. ಹೆಂಡತಿ ಎತ್ತರದ, ಗಟ್ಟಿ ದನಿಯ ಹೆಂಗಸು. ವಯಸ್ಸು ಐವತ್ತು ದಾಟಿರಬೇಕು. ಮುಂಬಯಿಯ ಬಟ್ಟೆ ವ್ಯಾಪಾರಿಗಳ ಜೊತೆ ಚೌಕಾಸಿ ಮಾಡಿ ಮಾಡಿ ಕಲಿತ ಹಿಂದಿ ಅವಳದು, ವ್ಯಾಕರಣದ ಹಂಗಿಲ್ಲದೆ ಸರಾಗವಾಗಿ ಹರಿಯುತ್ತಿತ್ತು. ಖರ್ಜೂರ ತಿಂದು, ಏಲಕ್ಕಿ ಹಾಕಿದ ಕಾಫಿ ಕುಡಿದು ಮುಗಿಸುವವರೆಗೆ ಟ್ರೇಲರಿನ ಮಾತೇ ಎತ್ತಲಿಲ್ಲ. ಆಮೇಲೆ ಹಿತ್ತಲಿಗೆ ಕರೆದೊಯ್ದು ತಾಡಪಾಲು ಸರಿಸಿದಳು.

ಎರಡು ಚಕ್ರದ ತಗಡಿನ ಪೆಟ್ಟಿಗೆ. ಮುಚ್ಚಳಕ್ಕೆ ರಬ್ಬರಿನ ಅಂಚು, ಹಿಂದೆ ಕೆಂಪು ದೀಪ. ಹಳೆಯದು, ಆದರೆ ಎಲ್ಲೂ ತುಕ್ಕಿಲ್ಲ. ಒಳಗೆ ಹಾಸಿದ ಕಂಬಳಿ ಕೂಡ ಒಗೆದಿಟ್ಟದ್ದು.

"ಇದನ್ನು ಕಟ್ಟಿದವನು ಇವನು" ಎಂದು ಗಂಡನನ್ನು ತೋರಿಸಿದಳು. "ಆದರೆ ಗಾಡಿ ನನ್ನದು. ಕೊಡುವುದೋ ಬಿಡುವುದೋ ನಾನು ಹೇಳಬೇಕು. ಮೊದಲು ನೀನು ಎಳೆದು ತೋರಿಸು."

ಗಂಡ ಸದ್ದಿಲ್ಲದೆ ನನ್ನ ಬೈಕಿಗೆ ಕೊಂಡಿ ಕೂರಿಸಿದ. ಅಷ್ಟರಲ್ಲಿ ಅವಳು ಒಳಗಿನಿಂದ ಒಂದು ತಟ್ಟೆ ಮೊಟ್ಟೆ ತಂದು ಕಂಬಳಿಯ ಮೇಲಿಟ್ಟಳು. ಕಾಲುವೆಯ ಪಕ್ಕದ ಮಣ್ಣಿನ ಓಣಿಯ ಕೊನೆಯವರೆಗೆ ಹೋಗಿ ಒಂದೂ ಒಡೆಯದಂತೆ ತಿರುಗಿ ಬರಬೇಕು, ಅಷ್ಟೇ ಪರೀಕ್ಷೆ.

ಪರೀಕ್ಷೆ ಎಂಬ ಮಾತು ಕೇಳಿಯೇ ನನ್ನ ಕಣ್ಣ ಮುಂದೆ ಆ ಡ್ರಮ್ಮುಗಳು ಬಂದವು. ಓಣಿಯ ತುದಿಯಲ್ಲಿ ಒಂದು ಮೇಕೆ ಅಡ್ಡ ಬಂತು, ನಾನು ಬ್ರೇಕ್ ಒತ್ತಿದೆ, ಹಿಂದಿನ ಭಾರ ಬೆನ್ನಿಗೆ ಗುದ್ದಿದ ಹಾಗೆ ಆಯಿತು. ವಾಪಸು ಬಂದು ಮುಚ್ಚಳ ತೆರೆದರೆ ಕಂಬಳಿಯ ಮೇಲೆಲ್ಲ ಹಳದಿ. ನಾನು ಹೆಲ್ಮೆಟ್ ತೆಗೆದು ಚಿಪ್ಪುಗಳನ್ನು ಆರಿಸತೊಡಗಿದೆ. "ಹೋಗ್ಲಿ ಬಿಡ್ರಿ, ಮನಿಗೆ ಹೋಗೂಣು" ಎಂದು ನನ್ನವಳು ಮೆಲ್ಲಗೆ ಹೇಳಿದಳು.

ಆ ಹೆಂಗಸು ಗಟ್ಟಿಯಾಗಿ ನಕ್ಕಳು. ಅಣಕದ ನಗುವಲ್ಲ ಅದು. "ಕಾರಿನ ಟೆಸ್ಟಿನಲ್ಲಿ ನಾನೆಷ್ಟು ಸಲ ಫೇಲಾದೆ ಗೊತ್ತಾ? ಆ ಅಧಿಕಾರಿ ತನ್ನ ತಾಯಿಯ ಮುಖಕ್ಕಿಂತ ನನ್ನ ಮುಖವನ್ನೇ ಹೆಚ್ಚು ನೋಡಿದ್ದಾನೆ. ಊರಿನವರು, ಈ ವಯಸ್ಸಿನಲ್ಲಿ ಇವಳಿಗೇಕೆ ಇದು ಎಂದರು. ಪಾಸಾದ ದಿನ ಅದೇ ಅಧಿಕಾರಿ ಎಲ್ಲರಿಗೂ ಹಲ್ವಾ ಹಂಚಿದ." ಬೇರೆ ತಟ್ಟೆ ತಂದಿಟ್ಟಳು. "ಪೊಲೀಸರು ಮುಂದಿನ ತಿಂಗಳು ಬಾ ಅನ್ನುತ್ತಾರೆ. ನಾನು ಈಗಲೇ ಹೋಗು ಅನ್ನುತ್ತೇನೆ. ಯಲ್ಲಾ, ಹೊರಡು! ಬ್ರೇಕ್ ಮರೆತುಬಿಡು, ಮೊದಲು ಆಕ್ಸಿಲರೇಟರ್ ಸಡಿಲಿಸು. ಶ್ವೈ, ಶ್ವೈ, ನಿಧಾನ."

ಎರಡನೆಯ ಸಲ ನಾನು ಹೊರಟಾಗ ಅವಳೂ ಓಣಿಯಲ್ಲಿ ಪಕ್ಕಕ್ಕೇ ನಡೆದು ಬಂದಳು, ಕರಿಯ ನಿಲುವಂಗಿಯ ಅಂಚನ್ನು ಎತ್ತಿ ಹಿಡಿದು, "ಶ್ವೈ, ಶ್ವೈ" ಎನ್ನುತ್ತ. ಮೇಕೆಯನ್ನು ಓಡಿಸಿದವಳೂ ಅವಳೇ. ಈ ಸಲ ಒಂದು ಮೊಟ್ಟೆಗೂ ಏನೂ ಆಗಲಿಲ್ಲ. ತನ್ನ ಮಗನೇ ಪಾಸಾದಂತೆ ಚಪ್ಪಾಳೆ ತಟ್ಟಿದಳು. ಬೆಲೆಯ ಮಾತು ಕಾಫಿಯ ಇನ್ನೊಂದು ಸುತ್ತಿನಲ್ಲೇ ಮುಗಿಯಿತು.

ಹೊರಡುವಾಗ ನನ್ನ ಹೆಂಡತಿಯ ಕೈ ಹಿಡಿದು ಕೇಳಿದಳು: "ನೀನು ಟೆಸ್ಟಿಗೆ ಹೋಗಿದ್ದೀಯಾ?"

"ನಾನಾ? ನಾನ್ಯಾಕ..." ಎಂದು ಇವಳು ಕನ್ನಡದಲ್ಲೇ ತೊದಲಿದಳು. ಆ ಹೆಂಗಸಿಗೆ ಅದು ಅರ್ಥವಾಯಿತೆಂದು ಕಾಣುತ್ತದೆ. "ಯಾಕೆ ಅಂದರೆ, ಹಿಂದೆ ಕೂತವಳಿಗೆ ಗಂಡನ ಬೆನ್ನು ಮಾತ್ರ ಕಾಣುತ್ತದೆ. ನಾನೂ ಬಹಳ ವರ್ಷ ಅದನ್ನೇ ನೋಡಿದೆ. ಒಳ್ಳೆಯ ಬೆನ್ನೇ. ಆದರೆ ರಸ್ತೆ ಇನ್ನೂ ಚೆನ್ನಾಗಿದೆ." ಗಂಡ ಆ ದಿನ ಮೊದಲ ಬಾರಿಗೆ ನಕ್ಕ.

ವಾಪಸು ಬರುವಾಗ ಬಿದಿಯಾ ಎಂಬ ಊರು ದಾಟಿದ ಮೇಲೆ ಮರುಭೂಮಿಯ ಕಡೆಯಿಂದ ಗಾಳಿ ಎದ್ದಿತು. ಮರಳು ಹಾವಿನಂತೆ ರಸ್ತೆಗೆ ಅಡ್ಡ ಹರಿಯುತ್ತಿತ್ತು, ಟ್ರೇಲರ್ ಅತ್ತಿತ್ತ ತೂಗಲು ಶುರುವಾಯಿತು. ಬ್ರೇಕಿನ ಕಡೆ ಹೋದ ಕಾಲನ್ನು ನಾನು ಹಿಂದಕ್ಕೆ ಎಳೆದುಕೊಂಡೆ. ಆಕ್ಸಿಲರೇಟರ್ ಸಡಿಲಿಸಿದೆ. ತೂಗಾಟ ತಾನಾಗಿಯೇ ನಿಂತಿತು. ಬೆನ್ನ ಹಿಂದಿನಿಂದ ಸಣ್ಣ ದನಿ ಕೇಳಿಸಿತು, "ಶ್ವೈ ಶ್ವೈ ರೀ."

ಆ ಚಳಿಗಾಲವೆಲ್ಲ ಟ್ರೇಲರ್ ನಮ್ಮೊಡನೆ ವಾದಿಗಳಿಗೆ, ಆಮೆಗಳು ಮೊಟ್ಟೆ ಇಡುವ ಕಡಲತೀರಕ್ಕೆ ಬಂತು. ಗುಡಾರ, ಸ್ಟೌ, ನೀರು, ಜೋಳದ ಹಿಟ್ಟು ಎಲ್ಲ ಅದರೊಳಗೆ. ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿದರೂ ದೀಪ, ಕೊಂಡಿ ನೋಡಿ, ಕಟ್ಟಿದವರು ಯಾರೆಂದು ಕೇಳಿ, ಮೆಚ್ಚಿ ಕಳಿಸುತ್ತಿದ್ದರು. ನನ್ನ ಹೆಂಡತಿ ಮಾತ್ರ ನನಗೆ ಹೇಳದೆ ಪಕ್ಕದ ಮನೆಯವರ ಜೊತೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ಬರುತ್ತಿದ್ದಳು. ಎರಡು ಸಲ ಡ್ರಮ್ಮು ಉರುಳಿಸಿ ಮೂರನೆಯ ಸಲ ಪಾಸಾದಳು. ನಾನು ಆಮೇಲೆ ಟೆಸ್ಟಿಗೆ ಹೋಗುವುದನ್ನೇ ಬಿಟ್ಟೆ.

ಆ ಒಮಾನಿ ದಂಪತಿಯನ್ನು ಕೊನೆಯ ಸಲ ನೋಡಿದ್ದು ಇಬ್ರಾದ ಹೆದ್ದಾರಿಯಲ್ಲಿ. ಬಟ್ಟೆಯ ಮೂಟೆಗಳನ್ನು ಹೇರಿಕೊಂಡ ಬಿಳಿ ಪಿಕಪ್ ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿತು. ಸ್ಟಿಯರಿಂಗ್ ಹಿಂದೆ ಅವಳು, ಕಿಟಕಿಯಿಂದ ಹೊರಗೆ ಚಾಚಿದ ಕೈ ತುಂಬ ಬಳೆ. ಪಕ್ಕದ ಸೀಟಿನಲ್ಲಿ ಗಂಡ ಬಾಯಿ ತೆರೆದುಕೊಂಡು ನೆಮ್ಮದಿಯಾಗಿ ನಿದ್ದೆ ಹೋಗಿದ್ದ.